ರೊಟ್ಟಿ ಗಾಡಿಯ ಹೊಸ ಶಾಕಬ್ಸರ್

ಎರಡು ಸಾವಿರದ ಇಸವಿಯ ನಂತರ ಬೈಲಹೊಂಗಲದಿಂದ ಮುನವಳ್ಳಿ ಮೇಲೆ ಹಾಯ್ದು ಸವದತ್ತಿಗೆ ಓಡಾಡಿದವರಿಗೆಲ್ಲ ರೊಟ್ಟಿ ನಿಜಗುಣಪ್ಪ ಗೊತ್ತು. ಗುಲಾಬಿ ಬಣ್ಣದ ಸಣ್ಣ ಸ್ಕೂಟರ್, ಹಿಂದೆ ಬಿಳಿ ಅರಿವೆಯಲ್ಲಿ ಕಟ್ಟಿದ ದೊಡ್ಡ ಬುಟ್ಟಿ, ಮುಂದೆ ಇಸ್ತ್ರಿ ಅಂಗಿ ತೊಟ್ಟು ನೆಟ್ಟಗೆ ಕೂತ ಆಳು. ಗಾಡಿಯ ಹಿಂಭಾಗ ಮುಂಭಾಗಕ್ಕಿಂತ ತುಸು ಎತ್ತರ. ಅದಕ್ಕೇ ಅವನು ಯಾವಾಗಲೂ ಇಳಿಜಾರಿನಲ್ಲಿ ಹೊರಟವನಂತೆ ಕಾಣುತ್ತಿದ್ದ. ರೊಟ್ಟಿ ನಿಜಗುಣಪ್ಪ ಎಂಬ ಹೆಸರನ್ನು ಊರು ತಾನಾಗಿ ಕೊಟ್ಟದ್ದಲ್ಲ. ಅವನೇ ಬಾಯಿಬಿಟ್ಟು ಕೇಳಿ ಇಡಿಸಿಕೊಂಡದ್ದು. ಅದಕ್ಕೂ ಮುಂಚೆ ಅದೇ ಹೆಸರು ತನಗೆ ಅಂಟಬಾರದೆಂದು ಎರಡು ವರ್ಷ ಹೊಲ ಹಿಡಿದು ಓಡಿದ್ದ. ಆ ಓಟದ ಸಂಗತಿಯನ್ನೇ ಇಲ್ಲಿ ಹೇಳಬೇಕಾಗಿದೆ. ಉಳಿದಂತೆ ಅವನ ಬಾಳಿನಲ್ಲಿ ವಿಶೇಷ ಏನೂ ಇಲ್ಲ, ಎಲ್ಲರಂತೆ ದುಡಿದ, ಉಂಡ, ಮಗಳ ಮದುವೆ ಮಾಡಿದ.

ಮೊದಲು ಅವನು ಬೈಲಹೊಂಗಲದಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಒಂದು ಜಿನ್ನಿನಲ್ಲಿ ಲೆಕ್ಕ ಬರೆಯುವ ದಿವಾನಜಿಯಾಗಿದ್ದ. ಹತ್ತಿ ಸುಗ್ಗಿಯಲ್ಲಿ ಚಕ್ಕಡಿಗಳು ಸಾಲುಗಟ್ಟಿ ನಿಂತಾಗ ರೈತರು ಅವನ ಮೇಜಿನ ಮುಂದೆ ಬಂದು, "ದಿವಾನಜಿಯವರ, ನಮ್ಮದಷ್ಟು ಲಗೂನ ನೋಡ್ರಿ" ಎಂದು ಗೋಗರೆಯುತ್ತಿದ್ದರು. ವರ್ಷಗಟ್ಟಲೆ ಅದನ್ನೇ ಕೇಳಿ ಕೇಳಿ ಅವನ ಕಿವಿ ಕೆಟ್ಟಿತ್ತು. ತೊಂಬತ್ತೇಳರಲ್ಲಿ ಜಿನ್ನು ಮುಚ್ಚಿತು. ಕೆಲಸ ಹೋಯಿತು, ದಿವಾನಜಿತನ ಮಾತ್ರ ಹೋಗಲಿಲ್ಲ. ದಿನಾ ಬೆಳಿಗ್ಗೆ ಅಂಗಿಗೆ ಇಸ್ತ್ರಿ ಹೊಡೆದು, ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು ವಾಚನಾಲಯಕ್ಕೆ ಹೋಗುವುದು, ಮಧ್ಯಾಹ್ನದತನಕ ಪೇಪರು ಓದುವುದು, ಉಂಡು ಮಲಗುವುದು. ಮನೆ ಹೇಗೆ ನಡೆಯುತ್ತಿದೆ ಎಂದು ಅವನು ಕೇಳಲಿಲ್ಲ. ಕೇಳಿದರೆ ಉತ್ತರಕ್ಕೆ ತಾನೇ ಹೊಣೆಯಾಗಬೇಕಿತ್ತು.

ಮನೆ ನಡೆಯುತ್ತಿದ್ದದ್ದು ಹೆಂಡತಿ ರಾಚವ್ವನಿಂದ. ಸಂಗೊಳ್ಳಿಯ ಒಕ್ಕಲು ಮನೆತನದ ಮಗಳು ಆಕೆ. ಅವಳು ಬಡಿದ ಜೋಳದ ಖಡಕ್ ರೊಟ್ಟಿ ಎಷ್ಟು ತೆಳ್ಳಗಿರುತ್ತಿತ್ತೆಂದರೆ, ಕಿಟಕಿಗೆ ಹಿಡಿದರೆ ಆಚೆಯ ಬೆಳಕು ಕಾಣುತ್ತಿತ್ತು. ಓಣಿಯ ಒಂದು ಮದುವೆಗೆ ಬುಟ್ಟಿಗಟ್ಟಲೆ ಮಾಡಿಕೊಟ್ಟಳು. ಆ ಮದುವೆಗೆ ಬಂದಿದ್ದ ಸವದತ್ತಿಯ ಬಸಯ್ಯ ಅದನ್ನು ತಿಂದು ನೋಡಿದ. ಎಲ್ಲಮ್ಮನ ಗುಡ್ಡಕ್ಕೆ ಹೋಗುವವರು ಇಳಿಯುವ ಕಡೆಯಲ್ಲಿ ಅವನದೊಂದು ಖಾನಾವಳಿ. "ಅವ್ವಾ, ಇಂಥಾ ರೊಟ್ಟಿ ನಮಗ ಕಾಯಂ ಬೇಕ್ರಿ" ಎಂದ. ರಾಚವ್ವ ಕೂಡಲೇ ಹೂಂ ಎಂದಳು. ಕಿತ್ತೂರಿನಲ್ಲಿ ಇನ್ನೊಂದು ಖಾನಾವಳಿಯೂ ಸಿಕ್ಕಿತು. ಅಲ್ಲಿಗೆ ಬಸ್ಸಿನವರೇ ಬುಟ್ಟಿ ಒಯ್ದು ಕೊಡುತ್ತಿದ್ದರು. ಸವದತ್ತಿಯದಷ್ಟು ಗಂಡನ ಪಾಲಿಗೆ ಬಂತು.

ಅವನಿಗೆ ಗಾಡಿ ಇತ್ತು. ಮಗಳು ಮೀನಾ ಕಾಲೇಜಿಗೆ ಹೋಗುವಾಗ ಕೊಡಿಸಿದ್ದ ಹೆಣ್ಣುಮಕ್ಕಳ ಸ್ಕೂಟರ್. ಅವಳನ್ನು ರಾಮದುರ್ಗಕ್ಕೆ ಕೊಟ್ಟ ಮೇಲೆ ಮೂಲೆಯಲ್ಲಿ ನಿಂತಿತ್ತು. ದಿವಾನಜಿ ಇಂಥ ಗಾಡಿ ಹತ್ತುವುದೇ ಒಂದು ನಾಚಿಕೆ, ಅದರ ಮೇಲೆ ಹೆಂಡತಿಯ ರೊಟ್ಟಿ ಹೇರಿಕೊಂಡು ಮಾರಲು ಹೋಗುವುದು ಇನ್ನೊಂದು. ಆದರೆ ಆ ರೊಟ್ಟಿಯನ್ನೇ ಮೂರು ಹೊತ್ತು ತಿನ್ನುತ್ತಿದ್ದವನು ಬಾಯಿಬಿಟ್ಟು ಬೇಡವೆನ್ನಲಾರದೆ ಹೋದ.

ನಾಚಿಕೆಗೆ ಬೇರೆ ಕಾರಣವೂ ಇತ್ತು, ಅದನ್ನು ಹೇಳದಿದ್ದರೆ ಅವನಿಗೆ ಅನ್ಯಾಯವಾದೀತು. ಅವನ ಹಿರಿಯರ ಊರು ಕೆಂಚರಗಟ್ಟಿ. ಸವದತ್ತಿಯ ಹಾದಿಯ ಮೇಲೆಯೇ ಇದೆ. ಆ ಮನೆತನದಲ್ಲಿ ರೊಟ್ಟಿಯನ್ನು ನೀಡುತ್ತಾರೆ, ಮಾರುವುದಿಲ್ಲ. ಜಂಗಮ ಬರಲಿ, ದಾರಿಹೋಕ ಬರಲಿ, ಎತ್ತು ಕಳಕೊಂಡು ಹುಡುಕುತ್ತಾ ಬಂದ ಪರವೂರಿನವನೇ ಬರಲಿ, ಪಡಸಾಲೆಯಲ್ಲಿ ಕೂತು ಉಂಡೇ ಹೋಗಬೇಕು. ಯಾರನ್ನಾದರೂ ತೀರ ಹೀನಾಯವಾಗಿ ಬೈಯಬೇಕಾದರೆ ಅವನ ತಾಯಿ, "ಅನ್ನಾ ಮಾರಿ ತಿಂದ ಮನಿತನ" ಎನ್ನುತ್ತಿದ್ದಳು. ಈಗ ಆ ಮನೆಯಲ್ಲಿ ಅವನ ದೊಡ್ಡಪ್ಪನ ಮಗ ದುಂಡಪ್ಪ, ಹೆಂಡತಿ ಮರೆವ್ವ ಇದ್ದರು. ಜಿನ್ನು ಮುಚ್ಚಿದ ಮೇಲೆ ಒಂದು ಮದುವೆಯಲ್ಲಿ ಸಿಕ್ಕ ದುಂಡಪ್ಪ, "ಈಗ ಏನ್ ಮಾಡಾಕತ್ತಿ ತಮ್ಮಾ?" ಎಂದು ಕೇಳಿದ್ದ. ನಿಜಗುಣಪ್ಪನ ಬಾಯಿಂದ ಬಂದ ಮಾತು, "ಬೀಜದ ಕಂಪನ್ಯಾಗ ಅದೇನಿ ಅಣ್ಣಾ. ತಿರಗಾಟದ ಕೆಲಸ."

ಹೀಗೆ ಹೇಳಿದವನು ಅದೇ ಊರಿನ ನಡುವೆ ರೊಟ್ಟಿ ಬುಟ್ಟಿ ಕಟ್ಟಿಕೊಂಡು ಹೋಗುವುದಾದರೂ ಹೇಗೆ? ರಸ್ತೆಗೆ ಅಂಟಿಯೇ ಚಾದಂಗಡಿ, ಅದರ ಎದುರಿಗೇ ದುಂಡಪ್ಪನ ಮನೆ. ಆದರೆ ಊರು ಒಂದು ಮೈಲಿ ಇರುವಾಗ ಡಾಂಬರು ಬಿಟ್ಟು ಎಡಕ್ಕೆ ಇಳಿಯುವ ಚಕ್ಕಡಿ ಹಾದಿಯೊಂದಿತ್ತು. ಹೊಲಗಳ ನಡುವೆ ಸುತ್ತಿ ಊರ ಆಚೆಗೆ ಮತ್ತೆ ಡಾಂಬರು ಸೇರುತ್ತಿತ್ತು. ನಮ್ಮ ದಿವಾನಜಿ ಅದನ್ನು ಹಿಡಿದ. ಬೈಲಹೊಂಗಲ ದಾಟಿದೊಡನೆ ಒಂದು ಬೇವಿನ ಮರದ ಮರೆಯಲ್ಲಿ ಗಾಡಿ ನಿಲ್ಲಿಸಿ, ರಾಚವ್ವ ಕಟ್ಟಿದ ಬಿಳಿ ಅರಿವೆಯ ಮೇಲೆ ಗೋಣಿ ತಾಟು ಸುತ್ತುತ್ತಿದ್ದ, ನೋಡಿದವರು ಬೀಜವೆಂದು ತಿಳಿಯಲಿ ಎಂದು. ಆಮೇಲೆ ಹೊಲದ ಹಾದಿ. ಕಪ್ಪು ಎರಿ ಮಣ್ಣಿನ ಹಾದಿ ಅದು. ಮಳೆಯಲ್ಲಿ ಚಕ್ಕಡಿ ಗಾಲಿ ಕೊರೆದ ಗುಂಡಿಗಳು ಚಳಿಗಾಲಕ್ಕೆ ಒಣಗಿ ಕಲ್ಲಾಗುತ್ತವೆ. ಅದರ ಮೇಲೆ ಸಣ್ಣ ಗಾಲಿಯ ಗಾಡಿ ಕುಣಿಯುತ್ತಾ ಹೋಗುವುದನ್ನು ನೋಡಿದರೆ ಎತ್ತುಗಳಿಗೂ ಕನಿಕರ ಬರಬೇಕು.

ಖಡಕ್ ರೊಟ್ಟಿಗೆ ಅಷ್ಟು ಕುಣಿತ ತಡೆಯುವ ಶಕ್ತಿ ಇಲ್ಲ. ಸವದತ್ತಿಯಲ್ಲಿ ಬಸಯ್ಯ ಬುಟ್ಟಿ ಬಿಚ್ಚಿದರೆ ಮೇಲಿನ ನಾಲ್ಕು ರೊಟ್ಟಿ ದುಂಡಗೆ, ಕೆಳಗಿನವೆಲ್ಲ ಚೂರು.

"ರುಚಿಗೆ ಎರಡು ಮಾತಿಲ್ರಿ," ಎನ್ನುತ್ತಿದ್ದ ಬಸಯ್ಯ. "ಆದ್ರ ತಾಟಿನ್ಯಾಗ ಮುರದ ರೊಟ್ಟಿ ಇಟ್ರ, ಉಣ್ಣಾಕ ಬಂದವ್ರು ಯಾರದರೆ ಎಂಜಲಾ ಇಟ್ಟಾರೇನು ಅಂತಾರ. ಅವ್ವಗ ಸ್ವಲ್ಪ ಹೇಳ್ರಿ, ದಿವಾನಜಿಯವರ."

ನಿಜಗುಣಪ್ಪ ಚೂರುಗಳನ್ನು ಮನೆಗೆ ತಂದು, "ಬಸಯ್ಯ ಹಿಂಗಂದಾ" ಎಂದಷ್ಟೇ ಹೇಳುತ್ತಿದ್ದ. ಹಾದಿಯ ವಿಷಯ ಎತ್ತುತ್ತಿರಲಿಲ್ಲ. ಆ ಚೂರನ್ನೇ ಒಗ್ಗರಣೆ ಹಾಕಿ ಗಂಡ ಹೆಂಡಿರು ಬೆಳಿಗ್ಗೆ ತಿನ್ನುತ್ತಿದ್ದರು, ರಾತ್ರಿ ಮಜ್ಜಿಗೆಯಲ್ಲಿ ನೆನೆಸಿ ತಿನ್ನುತ್ತಿದ್ದರು. ಚೂರು ಮುಗಿಯುವ ಮುಂಚೆ ಹೊಸ ಚೂರು ಬರುತ್ತಿತ್ತು.

ರಾಚವ್ವ ಯೋಚನೆಗೆ ಬಿದ್ದಳು. ಮೊದಲು ಜೋಳದ ಮೇಲೆ ಅನುಮಾನ. ಬೇರೆ ಅಂಗಡಿಯ ಜೋಳ ತಂದು ನೋಡಿದಳು. ಆಮೇಲೆ ಗಿರಣಿಯವನ ಮೇಲೆ. ಆಮೇಲೆ ನೀರಿನ ಎಸರಿನ ಮೇಲೆ. ರೊಟ್ಟಿ ತುಸು ದಪ್ಪ ಮಾಡಿದಳು, ಬಸಯ್ಯ ಇದು ಮೊದಲಿನಂಥದ್ದಲ್ಲ ಎಂದ. ಮತ್ತೆ ತೆಳ್ಳಗೆ ಮಾಡಿದಳು, ಮತ್ತೆ ಚೂರು. ಮಳೆಗಾಲದಲ್ಲಿ ಮಾತ್ರ ಒಂದೂ ಮುರಿಯುತ್ತಿರಲಿಲ್ಲ. ಆಗ ಎರಿ ಹಾದಿಗೆ ಗಾಡಿ ಇಳಿಸಿದರೆ ಗಾಲಿಗೆ ಕೆಸರು ಮೆತ್ತಿ ನಿಂತೇಬಿಡುತ್ತದೆ. ಅದಕ್ಕೆ ನಿಜಗುಣಪ್ಪ ರೇನ್‌ಕೋಟಿನ ಟೊಪ್ಪಿಗೆಯನ್ನು ಮೂಗಿನತನಕ ಎಳೆದುಕೊಂಡು ಡಾಂಬರಿನ ಮೇಲೆಯೇ ಹೋಗುತ್ತಿದ್ದ. ಪಾಪ, ರಾಚವ್ವನಿಗೆ ಇದೆಲ್ಲ ಏನು ಗೊತ್ತು? "ಥಂಡಿಗೆ ರೊಟ್ಟಿ ಮೆತ್ತಗಾಗ್ತಾವ್ರಿ, ಅದಕ್ಕ ಮುರಿಯಂಗಿಲ್ಲ" ಎಂದು ತಾನೇ ಸಮಾಧಾನ ಹೇಳಿಕೊಂಡಳು. ಗಂಡ ಹೂಂಗುಟ್ಟಿದ.

ಮರುವರ್ಷ ಮಳೆ ತಡವಾಯಿತು. ನಾಗರ ಪಂಚಮಿಯ ಮುಂಚಿನ ರೊಟ್ಟಿ ಹಬ್ಬ ಬಂದರೂ ಹಾದಿ ಒಣಗಿಯೇ ಇತ್ತು, ರೊಟ್ಟಿ ಮುರಿಯುತ್ತಲೇ ಇತ್ತು. ರೊಟ್ಟಿ ಹಬ್ಬಕ್ಕೆ ಓಣಿಯಲ್ಲಿ ಮನೆಮನೆಗೆ ರೊಟ್ಟಿ ಪಲ್ಯ ಬೀರುವುದು ವಾಡಿಕೆ. ರಾಚವ್ವನ ಮನೆಯ ರೊಟ್ಟಿಗೆ ಎಲ್ಲರೂ ಕಾಯುತ್ತಿದ್ದರು. ಆ ವರ್ಷ ಅವಳು ಬೀರಲಿಲ್ಲ. ಮಂದಿ ಕೊಟ್ಟದ್ದನ್ನು ತೆಗೆದುಕೊಂಡು, ಅವರ ತಾಟಿನಲ್ಲಿ ಒಂದಿಷ್ಟು ಸಕ್ಕರೆ ಹಾಕಿ ಕಳಿಸಿದಳು. ಸಂಜೆ ಒಲೆಯ ಮುಂದೆ ಸುಮ್ಮನೆ ಕೂತಿದ್ದಳು. ಎರಡೂ ಅಂಗೈ ತೆರೆದು ನೋಡಿಕೊಳ್ಳುತ್ತಿದ್ದಳು.

"ನನ್ನ ಕೈಗುಣಾ ಹೋತು ಕಾಣಸ್ತದರಿ," ಎಂದಳು. "ನಮ್ಮವ್ವಗೂ ಕಡೀಕ ಹಿಂಗs ಆಗಿತ್ತು. ಬಡದದ್ದು ಬಡದಂಗ ಒಡೀತಿತ್ತು. ಅದಾಗಿ ವರ್ಷದಾಗ ಹೋದಳು."

ಅವಳು ಅಳಲಿಲ್ಲ. ಅತ್ತಿದ್ದರೆ ಏನಾದರೂ ಹೇಳಿ ಸಮಾಧಾನ ಮಾಡಬಹುದಿತ್ತು. ನಿಜಗುಣಪ್ಪ ಅಂದುಕೊಂಡ, ಈಗಲಾದರೂ ಹೇಳಿಬಿಡಬೇಕು, ಹಾದಿ ಕೆಟ್ಟದ್ದು, ನಿನ್ನ ಕೈ ಅಲ್ಲ ಎಂದು. ಆದರೆ ಯಾಕೆ ಆ ಹಾದಿಗೆ ಹೋಗುತ್ತೀರಿ ಎಂದು ಕೇಳಿದರೆ? ನಿನ್ನ ರೊಟ್ಟಿ ಹೇರಿಕೊಂಡದ್ದನ್ನು ನಮ್ಮವರು ನೋಡಬಾರದೆಂದು, ಎನ್ನಬೇಕು. ಅದನ್ನು ಒಲೆಯ ಮುಂದೆ ಅಂಗೈ ನೋಡುತ್ತಾ ಕೂತವಳಿಗೆ ಹೇಳುವ ಬಾಯಿ ಅವನಿಗಿರಲಿಲ್ಲ. ಕಡೆಗೆ ಅವನು ಹೇಳಿದ್ದು ಬೇರೆಯೇ.

"ನಿನ್ನ ಕೈ ಅಲ್ಲ, ಗಾಡಿ. ಅದರ ಶಾಕಬ್ಸರ್ ಹೋಗ್ಯಾವು. ಸ್ಪ್ರಿಂಗಿನ್ಯಾಗ ದಮ್ಮಿಲ್ಲ."

ರಾಚವ್ವನ ಮುಖ ಅರಳಿತು. ಎರಡು ವರ್ಷದಲ್ಲಿ ಅವನು ಅಂಥ ಮುಖ ನೋಡಿರಲಿಲ್ಲ. "ಖರೇನs? ಗಾಡಿದs ಅಂತೀರಿ? ಮತ್ತ ಹೇಳಬಾರದೇನ್ರಿ ಇಷ್ಟು ದಿನಾ!" ಎಂದು ಎದ್ದವಳು, ಹೊಗೆ ಹೋಗುವಂಥ ಹೊಸ ಒಲೆ ಕಟ್ಟಿಸಲು ಎತ್ತಿಟ್ಟಿದ್ದ ದುಡ್ಡಿನ ಗಂಟು ತಂದು ಅವನ ಕೈಗಿಟ್ಟಳು. "ಒಲಿ ಮುಂದ ನೋಡೂಣು. ಮೊದಲ ಛಲೋವು ಹಾಕಸ್ರಿ."

ಅವನು ಇಸಕೊಂಡ. ಹೊಗೆಯಲ್ಲಿ ಕೆಮ್ಮುವವಳ ದುಡ್ಡು ಅದು ಎಂದು ಗೊತ್ತಿದ್ದೂ ಇಸಕೊಂಡ.

ಬಸ್ ಸ್ಟ್ಯಾಂಡಿನ ಹಿಂದೆ ಕಾಡಪ್ಪನ ಗ್ಯಾರೇಜು. ಬಾಯಿ ತುಂಬ ಎಲೆ ಅಡಿಕೆ, ಮೈ ತುಂಬ ಗ್ರೀಸು, ಯಾವುದಕ್ಕೂ ಆಗುವುದಿಲ್ಲ ಎನ್ನದ ಮನುಷ್ಯ. "ಗಟ್ಟಿ ಬೇಕೇನ್ರಿ ದಿವಾನಜಿಯವರ? ಹಾಕೋಣ್ರಿ ಗಟ್ಟೀವು!" ಎಂದು ಒಂದು ಹಳೆಯ ಮೋಟರ್ ಸೈಕಲ್ಲಿನ ಸ್ಪ್ರಿಂಗು ತಂದು, ಬೆಸುಗೆ ಹಾಕಿಸಿ, ಕೂಡಿಸಿಯೇಬಿಟ್ಟ. ಗಾಡಿ ಕಲ್ಲು ಬಂಡೆಯಾಯಿತು. ಮೇಲೆ ಇಬ್ಬರು ಹತ್ತಿ ಕುಣಿದರೂ ಕೆಳಗೆ ಕೂಡಲಿಲ್ಲ. ಆ ದಿನ ಬಸಯ್ಯ ಬುಟ್ಟಿ ಬಿಚ್ಚಿದರೆ ಚೂರೂ ಇರಲಿಲ್ಲ, ಹೆಚ್ಚುಕಡಿಮೆ ಹಿಟ್ಟೇ. ಬಸಯ್ಯ ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡು, "ಜೋಳ ಛಲೋ ಅದಾವ ಬಿಡ್ರಿ" ಎಂದ. ಆಮೇಲೆ ನಗು ಬಿಟ್ಟು, ಇನ್ನೊಂದು ಸಲ ಹೀಗಾದರೆ ಯರಗಟ್ಟಿಯಲ್ಲಿ ಒಬ್ಬರನ್ನು ನೋಡಿಟ್ಟಿದ್ದೇನೆ, ಅವರ ಕಡೆಯಿಂದ ತರಿಸಬೇಕಾಗುತ್ತದೆ ಎಂದೂ ಹೇಳಿದ.

ಈ ಮಾತು ರಾಚವ್ವನಿಗೂ ತಿಳಿಯಿತು. ಸವದತ್ತಿಯ ಖಾನಾವಳಿ ತಪ್ಪಿದರೆ ದುಡಿಮೆಯ ಅರ್ಧ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ರಾಚವ್ವನ ರೊಟ್ಟಿ ಬೇಡವೆಂದರು ಎಂಬ ಮಾತು ಸಂಗೊಳ್ಳಿಯತನಕ ಹೋಗುತ್ತದೆ. ಅವಳೇ ಗ್ಯಾರೇಜಿಗೆ ಬಂದಳು. ಸೆರಗು ಹೊದ್ದು ನಿಂತು ಕಾಡಪ್ಪನಿಗೆ ಹೇಳಿದಳು: "ತಮ್ಮಾ, ಗಟ್ಟಿ ಬ್ಯಾಡೋ. ತೊಟ್ಟಲಾ ತೂಗಿದಂಗ ಹೋಗಬೇಕ ನೋಡಪಾ ಗಾಡಿ."

ಕಾಡಪ್ಪ ಈ ಸಲ ಅವಸರ ಮಾಡಲಿಲ್ಲ. ಹದಿನೈದು ದಿನ ಓಡಾಡಿ, ಯಾವುದೋ ದೊಡ್ಡ ಸ್ಕೂಟರಿನ ಎಣ್ಣೆ ತುಂಬಿದ ಉದ್ದನೆಯ ಶಾಕಬ್ಸರ್ ಹುಡುಕಿ ತಂದ. ಅದನ್ನು ಕೂಡಿಸಲು ಹಿಂದಿನ ಪಟ್ಟಿಯನ್ನು ಕೊಯ್ದು ಎತ್ತರಿಸಿದ. ಮುಂದಿನ ಸವೆದ ಬುಷ್ಷುಗಳನ್ನೆಲ್ಲ ಬಿಚ್ಚಿ ಹೊಸವು ಹಾಕಿದ. ಎಲ್ಲ ಮುಗಿದ ಮೇಲೆ ಸೀಟಿನ ಮೇಲೆ ಚಹಾದ ಕಪ್ಪು ಇಟ್ಟು ಹಿಂದಿನಿಂದ ಅದುಮಿ ಬಿಟ್ಟ. ಗಾಡಿ ಮೆಲ್ಲಗೆ ಕೂತು ಮೆಲ್ಲಗೆ ಎದ್ದಿತು, ಚಹಾ ಚೆಲ್ಲಲಿಲ್ಲ. ಹಿಂಭಾಗ ಎತ್ತರವಾಗಿ ನಿಜಗುಣಪ್ಪನ ಕಾಲು ಮಾತ್ರ ನೆಲಕ್ಕೆ ಸರಿಯಾಗಿ ಎಟುಕದಂತಾಯಿತು. "ಎತ್ತರದ ಮಂದಿ ಎತ್ತರದಾಗs ಕೂಡಬೇಕಲ್ರಿ" ಎಂದ ಕಾಡಪ್ಪ.

ಗ್ಯಾರೇಜಿನ ಮುಂದೆಯೇ ರಾಚವ್ವ ತನ್ನ ತೀರ್ಮಾನ ಹೇಳಿದಳು. "ಬರೂ ಮಂಗಳವಾರ ನಾನೂ ಬರತೇನ್ರಿ. ಬುಟ್ಟಿ ನನ್ನ ತೊಡಿ ಮ್ಯಾಲ ಇಟಗೊಂಡು ಕೂಡತೇನಿ, ಸ್ಪ್ರಿಂಗ್ ಹೆಂಗ ಅದಾವು ನಾನs ನೋಡತೇನಿ. ಹಂಗs ಗುಡ್ಡಕ್ಕ ಹೋಗಿ ಎಲ್ಲಮ್ಮಗ ಉಡಿ ತುಂಬಿ ಬರೂಣು."

ಉಡಿ ತುಂಬುವುದು ಮೀನಾಳಿಗಾಗಿ. ಮದುವೆಯಾಗಿ ಆರು ವರ್ಷವಾದರೂ ಅವಳಿಗೆ ಮಕ್ಕಳಿರಲಿಲ್ಲ. ಈ ಮಾತನ್ನು ಮನೆಯಲ್ಲಿ ಯಾರೂ ಜೋರಾಗಿ ಆಡುತ್ತಿರಲಿಲ್ಲ. ರಾಮದುರ್ಗದಿಂದ ಮಗಳು ಬಂದು ಹೋದಾಗಲೆಲ್ಲ ರಾಚವ್ವ ಎರಡು ದಿನ ಒಲೆಯ ಹೊಗೆಯ ನೆಪ ಹೇಳಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಮಂಗಳವಾರ ಬಂತು. ರಾಚವ್ವ ಹಸಿರು ಇಳಕಲ್ ಸೀರೆ ಉಟ್ಟು, ಬುಟ್ಟಿಗೆ ಹೊಸದಾಗಿ ಒಗೆದ ಬಿಳಿ ಅರಿವೆ ಕಟ್ಟಿ, ಮಗುವನ್ನು ಕೂಡಿಸಿಕೊಂಡಂತೆ ತೊಡೆಯ ಮೇಲೆ ಇಟ್ಟುಕೊಂಡು ಹಿಂದೆ ಕೂತಳು. ಬೇವಿನ ಮರ ಬಂತು. ಗೋಣಿ ತಾಟು ಸುತ್ತುವ ಹಾಗಿರಲಿಲ್ಲ. ಮರ ಹೋಯಿತು. ಎಡಕ್ಕೆ ಇಳಿಯುವ ಚಕ್ಕಡಿ ಹಾದಿ ದೂರದಿಂದಲೇ ಕಾಣಿಸಿತು. ಅಲ್ಲಿಗೆ ಇಳಿದರೆ ಹೆಂಡತಿಗೆ ಎಲ್ಲ ತಿಳಿದುಬಿಡುತ್ತದೆ. ನೇರ ಹೋದರೆ ಊರಿನವರಿಗೆ. ಬಿಸಿಲೇರಿದೆ, ದುಂಡಪ್ಪ ಹೊಲಕ್ಕೆ ಹೋಗಿರುತ್ತಾನೆ ಎಂದು ಮನಸ್ಸಿಗೆ ಹೇಳಿಕೊಂಡು ನೇರ ಹೋದ.

ದುಂಡಪ್ಪ ಹೊಲಕ್ಕೆ ಹೋಗಿರಲಿಲ್ಲ. ಚಾದಂಗಡಿಯ ಕಟ್ಟೆಯ ಮೇಲೆ ನಾಲ್ಕು ಮಂದಿಯ ನಡುವೆ ಕೂತಿದ್ದ. ಗುಲಾಬಿ ಗಾಡಿಯ ಮೇಲೆ ತಮ್ಮನನ್ನು ಕಂಡು ಎದ್ದು ಕೈ ಎತ್ತಿ ರಸ್ತೆಗೇ ಬಂದ. ನಿಲ್ಲಿಸದೆ ಹೋಗುವಂತಿರಲಿಲ್ಲ.

"ಏನೋ ತಮ್ಮಾ, ಜೋಡೀಲೆ ಹೊಂಟೀರಿ! ಏನವಾ ರಾಚವ್ವಾ, ಆರಾಮಿದ್ದೀ? ಬಿಳಿ ಅರಿವಿ ಕಟ್ಟೀರಿ, ಏನೈತಿ ಬುಟ್ಟ್ಯಾಗ?"

ಬೀಜ ಎನ್ನಲಾಗದು. ಬೀಜವನ್ನು ಯಾರೂ ಒಗೆದ ಬಿಳಿ ಅರಿವೆಯಲ್ಲಿ ಕಟ್ಟುವುದಿಲ್ಲ. ಈ ಸೀಮೆಯಲ್ಲಿ ಗಂಡ ಹೆಂಡಿರು ಮಡಿ ಸೀರೆ, ಮಡಿ ಅಂಗಿ ತೊಟ್ಟು ಬಿಳಿ ಅರಿವೆಯ ರೊಟ್ಟಿ ಬುಟ್ಟಿ ಹೊತ್ತು ಹೊರಟರೆ ಅದಕ್ಕೆ ಅರ್ಥ ಒಂದೇ, ಬುತ್ತಿ. ಮಗಳ ಮನೆಗೆ ಒಯ್ಯುವ ಬುತ್ತಿ. ಕಟ್ಟೆಯ ಮೇಲಿನವರೆಲ್ಲ ನೋಡುತ್ತಿದ್ದರು. ನಿಜಗುಣಪ್ಪನ ನಾಲಿಗೆ ಅವನನ್ನು ಕೇಳಲಿಲ್ಲ.

"ಬುತ್ತಿ ಅಣ್ಣಾ. ರಾಮದುರ್ಗಕ್ಕ ಹೊಂಟೇವಿ. ಮೀನಾನ ಕುಬಸ."

ಸೀಮಂತದ ಮಾತು, ಅಂದದ್ದು ಅಂದಾಗಿತ್ತು. ಬೆನ್ನ ಹಿಂದೆ ರಾಚವ್ವ ಉಸಿರು ಎಳೆದುಕೊಂಡದ್ದು ಅವನಿಗೆ ಕೇಳಿಸಿತು.

"ಕುಬಸಾ?" ದುಂಡಪ್ಪನ ದನಿ ಓಣಿಗೆಲ್ಲ ಕೇಳುವಂತೆ ಏರಿತು. "ಏ ಇವಳ! ಮರೆವ್ವಾ! ಬಾ ಇಲ್ಲೆ, ನಮ್ಮ ಮೀನವ್ವ ಬಸರಾಗ್ಯಾಳಂತ! ಎಲ್ಲಮ್ಮ ಕಣ್ಣು ತೆರದಳು ನೋಡು!" ಮತ್ತೆ ತಮ್ಮನ ಕಡೆ ತಿರುಗಿ, "ಕಳ್ಳ ನನ್ನ ಮಗನ, ನಮಗ ಒಂದು ಮಾತು ಹೇಳಲಿಲ್ಲಲ್ಲೋ!" ಎಂದು ಬೆನ್ನಿಗೆ ಗುದ್ದಿದ. ಅವನ ಕಣ್ಣಲ್ಲಿ ನಿಜವಾಗಿಯೂ ನೀರು ಬಂದಿತ್ತು.

ಮರೆವ್ವ ಓಡುತ್ತಲೇ ಒಳಗೆ ಹೋಗಿ ಓಡುತ್ತಲೇ ಬಂದಳು. ಇಂಥ ಹಾದಿಗೆ ಹೊರಟ ಮುತ್ತೈದೆಯನ್ನು ಬರಿ ಉಡಿಯಲ್ಲಿ ಕಳಿಸಬಾರದು. ಮೊರದಲ್ಲಿ ಅಕ್ಕಿ, ಕಾಯಿ, ಎಲೆ ಅಡಿಕೆ, ಒಂದು ಕುಬಸದ ಖಣ. ಆ ಖಣವನ್ನು ಅವಳು ಯಾವ ಹಬ್ಬಕ್ಕೆ ಎಂದು ಎತ್ತಿಟ್ಟಿದ್ದಳೋ ಏನೋ. ಸುತ್ತಲಿನ ನಾಲ್ಕು ಮನೆಯ ಹೆಂಗಸರೂ ಬಂದು ನಿಂತರು. "ಇಳೀ ತಂಗಿ, ಉಡಿ ಒಡ್ಡು," ಎಂದಳು ಮರೆವ್ವ. "ಎಷ್ಟು ಹರಕಿ ಹೊತ್ತಿದ್ದಿ ನೀ, ನನಗ ಗೊತ್ತಿಲ್ಲೇನು."

ರಾಚವ್ವ ಇಳಿದಳು. ನಿಜಗುಣಪ್ಪ ಕನ್ನಡಿಯಲ್ಲಿ ಅವಳ ಮುಖ ನೋಡಿದ. ಬಣ್ಣ ಹೋಗಿತ್ತು. ಈಗ ಅವನು ಒಂದು ಮಾತು ಹೇಳಬೇಕಿತ್ತು, ಒಂದೇ ಒಂದು. ಸುಳ್ಳು ಅಣ್ಣಾ, ನಾ ಹೇಳಿದ್ದು ಸುಳ್ಳು ಎಂದು. ಮಗಳಿಗೆ ಇಲ್ಲದ ಬಸುರಿಗೆ ತಾಯಿ ಉಡಿ ತುಂಬಿಸಿಕೊಳ್ಳುವುದೆಂದರೆ ಏನು ಎನ್ನುವುದು ಅವನಿಗೂ ಗೊತ್ತಿತ್ತು. ಆದರೆ ಅವನು ಹ್ಯಾಂಡಲ್ ಹಿಡಿದುಕೊಂಡು, ಎಟುಕದ ಕಾಲನ್ನು ನೆಲಕ್ಕೆ ಊರಲು ತಿಣುಕುತ್ತಿದ್ದ.

ರಾಚವ್ವ ಸೆರಗು ಒಡ್ಡಲಿಲ್ಲ. ಮರೆವ್ವನ ಕೈಯ ಮೊರವನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದಳು.

"ಬ್ಯಾಡ ಅಕ್ಕಾ. ಆ ದಿನಾ ಇನ್ನೂ ಬಂದಿಲ್ಲ. ಬಂದಾಗ ನಾನs ನಿಮ್ಮ ಮನೀಗೆ ಬಂದು ಉಡಿ ಒಡ್ಡತೇನಿ, ಇದs ಖಣಾ ಹಾಕ್ರಿ. ಇವರು ಸುಮ್ಮನ ಚ್ಯಾಷ್ಟಿ ಮಾಡ್ಯಾರ." ಹೀಗೆಂದು ಬುಟ್ಟಿಯ ಗಂಟು ಬಿಚ್ಚಿದಳು. "ಇದು ಬುತ್ತಿ ಅಲ್ಲ. ಮಾರೂ ರೊಟ್ಟಿ. ನಾನs ಬಡದದ್ದು. ಸವದತ್ತಿ ಖಾನಾವಳೀಗೆ ಒಯ್ಯಾಕತ್ತೇವಿ. ತಗೋರಿ ಅಕ್ಕಾ, ತಿಂದು ನೋಡ್ರಿ."

ಮರೆವ್ವ ಮೊರವನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು, ಆಮೇಲೆ ಒಂದು ಕೈ ಚಾಚಿ ರೊಟ್ಟಿ ಇಸಕೊಂಡು ಕಣ್ಣಿಗೆ ಒತ್ತಿಕೊಂಡಳು. ಇಂಥ ಮಾತಿನಲ್ಲಿ ಯಾರಾದರೂ ಚೇಷ್ಟೆ ಮಾಡುತ್ತಾರೆಯೇ ಎಂದು ಯಾವ ಹೆಂಗಸೂ ಕೇಳಲಿಲ್ಲ. ಎಲ್ಲರೂ ನಿಜಗುಣಪ್ಪನನ್ನು ಒಂದು ಸಲ ನೋಡಿ ಕಣ್ಣು ಬೇರೆ ಕಡೆ ತಿರುಗಿಸಿಕೊಂಡರು. ಬೈದಿದ್ದರೆ ವಾಸಿಯಿತ್ತು.

ದುಂಡಪ್ಪ ಗಾಡಿಯನ್ನೇ ನೋಡುತ್ತಿದ್ದ. ಸಿಟ್ಟಿನಿಂದಲ್ಲ, ಏನನ್ನೋ ನೆನಪು ಮಾಡಿಕೊಳ್ಳುವವನಂತೆ.

"ಹಂಗಾರ ವಾರವಾರ ನಮ್ಮ ಹೊಲದ ಹಾದಿಗೆ ಕುಣಕೋತ ಹೋಗೂ ಗಾಡಿ ನಿಂದs ಏನೋ ತಮ್ಮಾ?" ಎಂದ. "ಗುಲಾಬಿ ಗಾಡಿ ಒಂದು ಹೊಕ್ಕೈತಿ, ಹಿಂದ ಗೋಣಿ ಚೀಲ ಕಟ್ಟಿರತಾರ ಅಂತ ನಮ್ಮ ಆಳು ಹೇಳತಿದ್ದ. ನಾವು ಯಾರರೆ ಜೋಳಾ ಕದ್ದು ಒಯ್ತಾರೇನು ಅಂದಿದ್ವಿ. ಇಷ್ಟು ಛಲೋ ಡಾಂಬರ ಬಿಟ್ಟು ಆ ಗುಂಡ್ಯಾಗ ಯಾಕೋ?"

ರಾಚವ್ವ ಬುಟ್ಟಿಯ ಗಂಟು ಕಟ್ಟುತ್ತಿದ್ದವಳು ಕೈ ತಡೆದಳು, ಗಾಡಿಯನ್ನು ನೋಡಿದಳು, ಬಂದ ಹಾದಿಯನ್ನು ನೋಡಿದಳು. ಮತ್ತೆ ಗಂಟು ಬಿಗಿದು ಹಿಂದೆ ಹತ್ತಿ ಕೂತಳು.

ಮುನವಳ್ಳಿಯತನಕ ಗಾಡಿ ರಾಚವ್ವ ಕೇಳಿದಂತೆಯೇ ತೊಟ್ಟಿಲಿನ ಹಾಗೆ ಹೋಗುತ್ತಿತ್ತು. ಮೊದಲು ಅವಳ ಒಂದು ಕೈ ಅವನ ಹೆಗಲ ಮೇಲಿತ್ತು, ಈಗ ಎರಡೂ ಕೈ ಬುಟ್ಟಿಯ ಮೇಲಿದ್ದವು. ನವಿಲುತೀರ್ಥದ ಕಡೆ ಒಡೆಯುವ ಹಾದಿ ದಾಟಿದ ಮೇಲೆ ಅವಳು ಒಂದೇ ಮಾತು ಕೇಳಿದಳು.

"ಮಳಿಗಾಲದಾಗ ಯಾವ ಹಾದೀಲೆ ಹೋಗತಿದ್ರಿ?"

"ಡಾಂಬರದಾಗ," ಎಂದ.

ತಿರುಗಿ ನೋಡುವ ಧೈರ್ಯ ಅವನಿಗಾಗಲಿಲ್ಲ. ರೊಟ್ಟಿ ಹಬ್ಬದ ಸಂಜೆ ಒಲೆಯ ಮುಂದೆ ತೆರೆದಿಟ್ಟ ಆ ಎರಡು ಅಂಗೈ ಸವದತ್ತಿಯತನಕ ಅವನ ಕಣ್ಣ ಮುಂದೆಯೇ ಇದ್ದವು. ಬೇರೆಯವರ ಮುಂದೆ ತಲೆ ತಗ್ಗಿಸಬಾರದೆಂದು ಎರಡು ವರ್ಷ ಹೆಣಗಿದವನು ಅವನು. ತಲೆ ತಗ್ಗಿಸಬೇಕಾದದ್ದು ಮನೆಯೊಳಗೇ ಇತ್ತು ಎಂಬುದು ಈಗ ತಿಳಿಯಿತು. ತಿಳಿದು ಮಾಡುವುದೇನು? ಅವಳ ಆ ಎರಡು ವರ್ಷವನ್ನು ಯಾವ ಗ್ಯಾರೇಜಿನಲ್ಲಿ ರಿಪೇರಿ ಮಾಡಿಸುವುದು?

ಖಾನಾವಳಿಯಲ್ಲಿ ಬಸಯ್ಯ ಬುಟ್ಟಿ ಬಿಚ್ಚಿದ. ಮೇಲಿನದು ಎತ್ತಿದ, ಅದರ ಕೆಳಗಿನದು ಎತ್ತಿದ, ತಳದತನಕ ಕೈ ಹಾಕಿ ನೋಡಿದ. ಒಂದೂ ಮುರಿದಿರಲಿಲ್ಲ. ಅವನ ಮುಖ ಹಿಗ್ಗಿತು.

"ಅವ್ವಾ, ನಿಮ್ಮ ಕೈ ಮತ್ತ ಬಂತಲ್ರಿ!"

"ನನ್ನ ಕೈ ಎಲ್ಲೂ ಹೋಗಿದ್ದಿಲ್ರಿ ಅಯ್ಯಾರ," ಎಂದಳು ರಾಚವ್ವ. ಗಂಡನ ಕಡೆ ನೋಡಲಿಲ್ಲ. ಎಲ್ಲಮ್ಮನ ಉಡಿಯ ಸಾಮಾನಿನ ಗಂಟು ಬಗಲಿಗೆ ಸಿಕ್ಕಿಸಿಕೊಂಡು, ಗುಡ್ಡಕ್ಕೆ ಹೋಗುವ ಬಸ್ಸು ನಿಂತಿದ್ದ ಕಡೆಗೆ ಹೊರಟಳು.

ಬಸಯ್ಯನಿಗೆ ಏನೂ ಗೊತ್ತಾಗಲಿಲ್ಲ. ಹೊರಗೆ ಬಂದು ಗಾಡಿಯ ಹಿಂಭಾಗವನ್ನು ಬಗ್ಗಿ ನೋಡಿ, ಹೊಸ ಶಾಕಬ್ಸರ್ ಮೇಲೆ ಕೈಯಾಡಿಸಿ, "ಭಾರೀ ಛಲೋವು ಹಾಕಸೀರಿ ಬಿಡ್ರಿ ದಿವಾನಜಿಯವರ" ಎಂದ.

ಆ ಒಂದು ಮಾತಿಗಾಗಿ ಜೀವ ಬಿಡುತ್ತಿದ್ದವನಿಗೆ ಅದು ಮೈಮೇಲೆ ಬಿಸಿ ನೀರು ಸುರಿದಂತಾಯಿತು.

"ದಿವಾನಜಿ ಅನಬ್ಯಾಡ್ರಿ ಅಯ್ಯಾರ," ಎಂದ. ಬಸಯ್ಯ ತಲೆ ಎತ್ತಿ ನೋಡಿದ. "ರೊಟ್ಟಿ ನಿಜಗುಣಪ್ಪ ಅನ್ರಿ. ಎಲ್ಲಾರ ಮುಂದೂ ಹಂಗs ಅನ್ರಿ. ಆಕಿ ಬಡೀತಾಳ, ನಾ ಹೊರತೇನಿ."

ಇದನ್ನು ಅವನು ಸಾಕಷ್ಟು ಜೋರಾಗಿಯೇ ಹೇಳಿದ. ಊಟಕ್ಕೆ ಕೂತವರು ಕತ್ತು ತಿರುಗಿಸಿ ನೋಡಿದರು. ಆದರೆ ಅಷ್ಟೊತ್ತಿಗೆ ಬಸ್ಸು ಹೊರಟಿತ್ತು, ರಾಚವ್ವ ಅದರೊಳಗಿದ್ದಳು, ಅವಳಿಗೆ ಅದು ಕೇಳಿಸಲಿಲ್ಲ.